ದುರ್ಗದ ಸೀಮೆಯನ್ನು ದಾವಣಗೆರೆಯಿಂದ ಓದುವುದು: ಚಿತ್ರದುರ್ಗದ ನಾಯಕರ ವಂಶ ಮತ್ತು ನೆಲದ ಪಾಠ

ಪ್ರೌಢಶಾಲೆಯಲ್ಲಿ ಪಾಳೆಯಗಾರರ ಪಾಠವನ್ನು ಅಭ್ಯಾಸ ಬೋಧನೆಗೆ ಆಯ್ದುಕೊಳ್ಳುವ ಪ್ರಶಿಕ್ಷಣಾರ್ಥಿಗಳು ಸಾಮಾನ್ಯವಾಗಿ ಒಂದೇ ದಾರಿ ಹಿಡಿಯುತ್ತಾರೆ. ಮೊದಲು ವಂಶದ ಸ್ಥಾಪಕ, ಆಮೇಲೆ ಅರಸರ ಪಟ್ಟಿ, ನಡುವೆ ಏಳು ಸುತ್ತಿನ ಕೋಟೆಯ ಚಿತ್ರ, ಕೊನೆಗೆ ಒನಕೆ ಓಬವ್ವ ಮತ್ತು ಹೈದರಾಲಿ. ಭೂಪಟದಲ್ಲಿ ಒಂದು ತುಂಡಿಗೆ ಬಣ್ಣ ತುಂಬಿ, ‘ಇದು ಚಿತ್ರದುರ್ಗ ಸಂಸ್ಥಾನ’ ಎಂದು ಬರೆದರೆ ಪಾಠ ಮುಗಿಯಿತು. ಮಕ್ಕಳು ಕೇಳುತ್ತಾರೆ, ಬರೆದುಕೊಳ್ಳುತ್ತಾರೆ. ಆದರೆ ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯ ಮಗುವಿಗೋ ಹರಿಹರದ ಮಗುವಿಗೋ ಇದು ಅರವತ್ತು ಕಿಲೋಮೀಟರ್ ಆಚೆಯ ಇನ್ನೊಂದು ಜಿಲ್ಲೆಯ ಕಥೆಯಾಗಿಯೇ ಉಳಿಯುತ್ತದೆ.

ಇದು ಹೀಗಾಗಬೇಕಿಲ್ಲ. 1997ರ ಆಗಸ್ಟ್ 15ರವರೆಗೆ ದಾವಣಗೆರೆ ಇದ್ದದ್ದೇ ಚಿತ್ರದುರ್ಗ ಜಿಲ್ಲೆಯಲ್ಲಿ. ಅದಕ್ಕಿಂತ ಮುಖ್ಯವಾದ ಮಾತೆಂದರೆ, ದುರ್ಗದ ನಾಯಕರ ವಂಶ ಬೇರುಬಿಟ್ಟದ್ದು ನಮ್ಮ ತಾಲ್ಲೂಕಿನ ಹಳ್ಳಿಗಳಲ್ಲಿ. ಆ ವಂಶದ ಒಬ್ಬ ದೊಡ್ಡ ಅರಸ ಪ್ರಾಣ ಬಿಟ್ಟದ್ದೂ ನಮ್ಮ ತಾಲ್ಲೂಕಿನ ಬಯಲಿನಲ್ಲಿ. ಹಾಗಾಗಿ ಈ ವಂಶದ ಚರಿತ್ರೆಯನ್ನು ಕೋಟೆಯ ಒಳಗಿನಿಂದ ಹೊರಗೆ ನೋಡುವ ಬದಲು, ಅದರ ಗಡಿಯಲ್ಲಿ ನಿಂತು, ಅಂದರೆ ದಾವಣಗೆರೆ ಹರಿಹರಗಳಿಂದ ನೋಡಿ ಕಲಿಸಬಹುದು. ಹಾಗೆ ಕಲಿಸಿದಾಗ ಮಕ್ಕಳಿಗೆ ಒಂದು ತಿಳಿವಳಿಕೆ ತಾನಾಗಿ ಬರುತ್ತದೆ: ಪಾಳೆಯಪಟ್ಟು ಎಂದರೆ ಭೂಪಟದ ಮೇಲಿನ ಬಣ್ಣದ ತುಂಡಲ್ಲ, ಕೋಟೆ, ಕೆರೆ, ಕಂದಾಯ, ಸೇವೆ ಇವುಗಳಿಂದ ಹೆಣೆದ, ಪ್ರತಿ ತಲೆಮಾರಿನಲ್ಲೂ ಬಿಚ್ಚಿ ಮತ್ತೆ ಹೆಣೆಯಬೇಕಾದ ಸಂಬಂಧಗಳ ಬಲೆ. ಈ ಲೇಖನ ಆ ತಿಳಿವಳಿಕೆಗೆ ಬೇಕಾದ ವಿಷಯಾಂಶವನ್ನು ಮೊದಲು ವಿವರಿಸಿ, ಆಮೇಲೆ ಅದನ್ನು ಎರಡು ಅವಧಿಗಳ ಪಾಠವಾಗಿ ಹೊಂದಿಸುವ ಬಗೆಯನ್ನು ಸೂಚಿಸುತ್ತದೆ.

ಪಾಳೆಯಗಾರ ಎಂದರೆ ಯಾರು?

‘ಪಾಳೆಯ’ ಎಂದರೆ ಸೈನ್ಯ ಬಿಡಾರ ಹೂಡಿದ ಜಾಗ. ತನ್ನದೇ ಪಡೆಯನ್ನು ಇಟ್ಟುಕೊಂಡು, ಒಂದು ಸೀಮೆಯನ್ನು ಕಾಯ್ದು, ಅದರ ಕಂದಾಯವನ್ನು ಎತ್ತುವವನು ಪಾಳೆಯಗಾರ. ವಿಜಯನಗರದ ಕಾಲದಲ್ಲಿ ಇಂಥವರನ್ನು ನಾಯಕರೆಂದು ಕರೆದು, ಸೀಮೆಯನ್ನು ಒಪ್ಪಿಸಿ, ಬದಲಿಗೆ ಎರಡು ಬಾಧ್ಯತೆಗಳನ್ನು ಹೊರಿಸಲಾಗುತ್ತಿತ್ತು: ಕರೆ ಬಂದಾಗ ಪಡೆಯೊಂದಿಗೆ ಹಾಜರಾಗುವುದು, ವರ್ಷಕ್ಕೆ ಇಷ್ಟೆಂದು ಕಾಣಿಕೆ ಸಲ್ಲಿಸುವುದು. ಅವನು ಸಂಪೂರ್ಣ ಸ್ವತಂತ್ರ ಅರಸನೂ ಅಲ್ಲ, ಬರಿಯ ನೌಕರನೂ ಅಲ್ಲ. ಮೇಲಿನ ಅಧಿಕಾರ ಗಟ್ಟಿಯಾಗಿದ್ದಾಗ ನೌಕರನಂತೆ ಬಾಗುತ್ತಿದ್ದ. ಅದು ಸಡಿಲವಾದಾಗ ಅರಸನಂತೆ ನಿಲ್ಲುತ್ತಿದ್ದ.

ಪ್ರಶಿಕ್ಷಣಾರ್ಥಿಗಳು ಪಾಠದ ಆರಂಭದಲ್ಲೇ ಈ ಎರಡು ಮುಖಗಳನ್ನು ಕಪ್ಪುಹಲಗೆಯ ಮೇಲೆ ಬರೆಯುವುದು ಒಳ್ಳೆಯದು. ಹೀಗೆ ಮಾಡದಿದ್ದರೆ, 1565ರ ರಕ್ಕಸತಂಗಡಿ ಕಾಳಗದ ನಂತರ ಪಾಳೆಯಗಾರರು ಎಲ್ಲಿಂದಲೋ ದಿಢೀರನೆ ಹುಟ್ಟಿಕೊಂಡರೆಂಬ ಭಾವನೆ ಮಕ್ಕಳಲ್ಲಿ ಉಳಿದುಬಿಡುತ್ತದೆ. ನಿಜದಲ್ಲಿ ಅವರು ಮೊದಲೇ ಇದ್ದವರು. ಮೇಲಿದ್ದ ಕೈ ಜಾರಿದಾಗ ಕಣ್ಣಿಗೆ ಬಿದ್ದವರು.

ಮತ್ತಿ ಮತ್ತು ನೀರ್ಥಡಿ: ವಂಶದ ಬೇರು

ಚಿತ್ರದುರ್ಗದ ನಾಯಕರು ಬೇಡ ಸಮುದಾಯದವರು. ಕಾಮಗೇತಿ ವಂಶದವರೆಂದು, ವಾಲ್ಮೀಕಿ ಗೋತ್ರದವರೆಂದು ತಮ್ಮನ್ನು ಕರೆದುಕೊಂಡವರು. ತಿರುಪತಿಯ ಕಡೆಯಿಂದ ವಲಸೆ ಬಂದ ಮೂಲಪುರುಷರು ನೀರ್ಥಡಿಯಲ್ಲಿ ನೆಲೆ ನಿಂತರೆಂದು ವಂಶದ ಐತಿಹ್ಯ ಹೇಳುತ್ತದೆ. ನೀರ್ಥಡಿ ದಾವಣಗೆರೆ ತಾಲ್ಲೂಕಿನ ಹಳ್ಳಿ. ಅಲ್ಲಿನ ರಂಗನಾಥಸ್ವಾಮಿ ದೇವಸ್ಥಾನ ಇಂದಿಗೂ ಸುತ್ತಲಿನವರಿಗೆ ಪರಿಚಿತ. ದುರ್ಗದ ಮೊದಲ ನಾಯಕನನ್ನು ಜನ ‘ಮತ್ತಿ ತಿಮ್ಮಣ್ಣನಾಯಕ’ ಎಂದು ಕರೆಯುತ್ತಾರೆ. ಮತ್ತಿ ಕೂಡ ದಾವಣಗೆರೆ ತಾಲ್ಲೂಕಿನದೇ. ಅಂದರೆ ಸ್ಥಾಪಕನ ಹೆಸರಿಗೆ ಅಂಟಿಕೊಂಡಿರುವುದು ದುರ್ಗವಲ್ಲ, ನಮ್ಮ ನೆರೆಯ ಒಂದು ಹಳ್ಳಿ.

ತಿಮ್ಮಣ್ಣನಾಯಕ ವಿಜಯನಗರದ ಅರಸರ ಸೇವೆಯಲ್ಲಿ ಮೇಲೆ ಬಂದವನು. ಹೊಳಲ್ಕೆರೆ, ಹಿರಿಯೂರು, ಚಿತ್ರದುರ್ಗ ಸೀಮೆಗಳ ನಾಯಕತನ ಅವನಿಗೆ ದೊರೆತು, ಸುಮಾರು 1568ರಲ್ಲಿ ದುರ್ಗದ ಆಳ್ವಿಕೆ ಆರಂಭವಾಯಿತೆಂದು ಸಾಮಾನ್ಯವಾಗಿ ಎಣಿಸುತ್ತಾರೆ. ಅವನ ಬಗ್ಗೆ ಒಂದು ಕಥೆ ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್‌ನಲ್ಲೂ ಸೇರಿದೆ. ವಿಜಯನಗರದ ರಾಜಕುಮಾರನ ಪಾಳೆಯಕ್ಕೆ ರಾತ್ರಿ ನುಗ್ಗಿ ಕುದುರೆಯನ್ನು ಬಿಚ್ಚುತ್ತಿದ್ದಾಗ ಕಾವಲುಗಾರನಿಗೆ ಎಚ್ಚರವಾಯಿತು. ತಿಮ್ಮಣ್ಣ ಹುಲ್ಲಿನಲ್ಲಿ ಅಡಗಿಕೊಂಡ. ಕುದುರೆ ಕಟ್ಟಲು ಹೊಡೆದ ಗೂಟ ಕತ್ತಲಲ್ಲಿ ಅವನ ಕೈಯನ್ನೇ ತೂರಿತು. ಅವನು ತುಟಿಪಿಟಕ್ಕೆನ್ನದೆ ಸಹಿಸಿ, ಕೈಯನ್ನು ಕಳೆದುಕೊಂಡು ಕುದುರೆಯೊಂದಿಗೆ ಪಾರಾದ ಎಂಬುದು ಆ ಕಥೆ. ಅರಸನ ಮೆಚ್ಚುಗೆ, ಕೋಪ, ಮತ್ತೆ ಮೆಚ್ಚುಗೆ, ಕೊನೆಗೆ ಮತ್ತೆ ಕೋಪ ಹೀಗೆ ಸಾಗಿ ಅವನು ವಿಜಯನಗರದ ಸೆರೆಯಲ್ಲಿ ತೀರಿಕೊಂಡನೆಂದು ಹೇಳಿಕೆ.

ಗೂಟದ ಕಥೆ ನಡೆದದ್ದೇ ಎಂದು ನಾವು ಸಾಧಿಸಬೇಕಿಲ್ಲ. ಸುಳ್ಳೆಂದು ತಳ್ಳಿಹಾಕಬೇಕಾಗಿಯೂ ಇಲ್ಲ. ನಾಯಕ ಮತ್ತು ಅರಸನ ನಡುವಿನ ಸಂಬಂಧ ಎಷ್ಟು ಅನಿಶ್ಚಿತವಾಗಿತ್ತೆಂದು ಜನ ನೆನಪಿಟ್ಟುಕೊಂಡ ಬಗೆ ಅದು. ಧೈರ್ಯ ತೋರಿಸಿದವನನ್ನು ಶಿಕ್ಷಿಸಬೇಕೋ ಸೇವೆಗೆ ಸೇರಿಸಿಕೊಳ್ಳಬೇಕೋ ಎಂಬುದು ಅಂದಿನ ಪ್ರತಿ ದೊರೆಯ ಮುಂದಿದ್ದ ಪ್ರಶ್ನೆ. ಆ ಪ್ರಶ್ನೆಯನ್ನು ಮಕ್ಕಳ ಮುಂದಿಟ್ಟು ಅವರ ಉತ್ತರಗಳನ್ನು ಕೇಳಬಹುದು.

ನೆಲ ಬೆಳೆದ ಬಗೆ

ವಿಜಯನಗರದ ಹಿಡಿತ ಕುಗ್ಗಿದಂತೆ ತಿಮ್ಮಣ್ಣನ ನಂತರದವರು ಸ್ವತಂತ್ರರಾಗಿ ನಡೆದುಕೊಳ್ಳತೊಡಗಿದರು. 17ನೆಯ ಶತಮಾನದ ಮೊದಲರ್ಧದಲ್ಲಿ ಆಳಿದ ಕಸ್ತೂರಿ ರಂಗಪ್ಪನಾಯಕನ ಕಾಲದಲ್ಲಿ ದುರ್ಗದ ಕೈ ಪಶ್ಚಿಮಕ್ಕೂ ಉತ್ತರಕ್ಕೂ ಚಾಚಿತು. ಮಾಯಕೊಂಡ, ಸಂತೇಬೆನ್ನೂರು, ಅಣಜಿ, ಜಗಳೂರು ಅವನ ವಶಕ್ಕೆ ಬಂದವೆಂದು ಗೆಜೆಟಿಯರ್ ಹೇಳುತ್ತದೆ. ಈ ನಾಲ್ಕೂ ಇಂದಿನ ದಾವಣಗೆರೆ ಜಿಲ್ಲೆಯ ಹೆಸರುಗಳು. 1652ರಲ್ಲಿ ಅವನು ತೀರಿಕೊಂಡಾಗ ಸೀಮೆಯ ವರ್ಷದ ಹುಟ್ಟುವಳಿ 65,000 ದುರ್ಗಿ ವರಹ ಇತ್ತೆಂಬ ಲೆಕ್ಕವೂ ಅಲ್ಲಿದೆ. ಇಲ್ಲಿ ಗಮನಿಸಬೇಕಾದದ್ದು: ಹಳೆಯ ಲೆಕ್ಕಗಳು ರಾಜ್ಯದ ವಿಸ್ತಾರವನ್ನು ಚದರ ಮೈಲಿಗಳಲ್ಲಿ ಹೇಳುವುದಿಲ್ಲ, ವರಹಗಳಲ್ಲಿ ಹೇಳುತ್ತವೆ. ಗಡಿಗೆರೆಗಿಂತ ಹುಟ್ಟುವಳಿ ಮುಖ್ಯವಾಗಿತ್ತು. ಈ ಒಂದು ವಿವರದಿಂದಲೇ ‘ಬಣ್ಣದ ತುಂಡು’ ಎಂಬ ಕಲ್ಪನೆಯನ್ನು ತರಗತಿಯಲ್ಲಿ ಪ್ರಶ್ನಿಸಬಹುದು.

ಸಂತೇಬೆನ್ನೂರಿನ ಹೆಸರು ಬಂದಲ್ಲಿ ಒಂದು ಕ್ಷಣ ನಿಲ್ಲಬೇಕು. ಅಲ್ಲಿ ಇನ್ನೊಂದು ನಾಯಕ ಮನೆತನವಿತ್ತು. ಊರಿನ ಸುಂದರ ಪುಷ್ಕರಣಿ ಹನುಮಪ್ಪನಾಯಕನ ಹೆಸರಿನೊಂದಿಗೆ ಸೇರಿದೆ. ಅದರ ಎದುರಿನ ಮುಸಾಫಿರ್‌ಖಾನೆ ಆ ಸೀಮೆಗೆ ಬಿಜಾಪುರದ ಸೇನೆ ಬಂದ ಕಾಲವನ್ನು ನೆನಪಿಸುತ್ತದೆ. ಈ ಮನೆತನ ಬಸವಾಪಟ್ಟಣ, ಸಂತೇಬೆನ್ನೂರು, ತರೀಕೆರೆ ಎಂದು ನೆಲೆ ಬದಲಿಸುತ್ತಾ ಹೋಯಿತು. ನೆಲೆ ಬದಲಾದಂತೆ ಅದರ ಹೆಸರೂ ಬದಲಾಯಿತು. ಒಂದು ವಂಶ ಬೆಳೆಯುವುದೆಂದರೆ ಪಕ್ಕದ ಇನ್ನೊಂದು ವಂಶ ಜಾಗ ಬಿಟ್ಟು ಸರಿಯುವುದು ಎಂಬುದಕ್ಕೆ ಇದು ನೇರ ಉದಾಹರಣೆ.

17ನೆಯ ಶತಮಾನದ ಕೊನೆಯ ಭಾಗದ ಚಿಕ್ಕಣ್ಣನಾಯಕನ ಹೆಸರು ಹರಿಹರದ ಮಕ್ಕಳಿಗೆ ಇಷ್ಟವಾಗುತ್ತದೆ. ಹರಿಹರದ ಕೋಟೆಯನ್ನು ಹಿಡಿಯಲು ಅವನು ಹೂಡಿದ ಉಪಾಯದ ಕಥೆ ಹೀಗಿದೆ: ಹಬ್ಬದ ರಾತ್ರಿ ತನ್ನ ಬಿಡಾರದ ಸುತ್ತಲಿನ ಮರದ ಕೊಂಬೆಗಳಿಗೂ ಟಗರುಗಳ ಕೊಂಬುಗಳಿಗೂ ದೀಪ ಕಟ್ಟಿಸಿದ. ದೀಪಗಳು ಓಡಾಡುವುದನ್ನು ಕಂಡ ಎದುರಾಳಿಗಳು ದುರ್ಗದ ಸೈನ್ಯ ಬಿಡಾರದಲ್ಲೇ ಇದೆಯೆಂದು ನಂಬಿದರು. ಅಷ್ಟರಲ್ಲಿ ಸೈನ್ಯ ಇನ್ನೊಂದು ದಿಕ್ಕಿನಿಂದ ಕೋಟೆಗೆ ಬಿದ್ದಿತ್ತು.

ಈ ಕಥೆಯೊಂದಿಗೆ ಹರಿಹರದ ಒಡೆತನದ ಸರಣಿಯನ್ನೂ ಹೇಳಬೇಕು. 1224ರಲ್ಲಿ ಹೊಯ್ಸಳ ದಂಡನಾಯಕ ಪೋಲಾಳ್ವ ಹರಿಹರೇಶ್ವರ ದೇವಾಲಯವನ್ನು ಕಟ್ಟಿಸಿದ ಈ ಊರು, ವಿಜಯನಗರ ಕುಸಿದ ಮೇಲೆ ತರೀಕೆರೆ ಪಾಳೆಯಗಾರರ ಕೈಗೆ ಹೋಯಿತು. ಕೋಟೆ ಕಟ್ಟಿಸಿದವರು ಅವರು. ಆಮೇಲೆ ಸವಣೂರು ನವಾಬ, ಅವನಿಂದ ಜಹಗೀರಾಗಿ ಶೇರ್‌ಖಾನ್, ನಂತರ ಬಿದನೂರು, ಆಮೇಲೆ ಮರಾಠರು, 1763ರಲ್ಲಿ ಹೈದರಾಲಿ. ತುಂಗಭದ್ರೆಯ ದಾಟುಜಾಗವಾದ್ದರಿಂದ ಎಲ್ಲರಿಗೂ ಹರಿಹರ ಬೇಕಿತ್ತು. ಬೇಕಾದವರು ಹೆಚ್ಚಿದ್ದರಿಂದಲೇ ಯಾರ ಕೈಯಲ್ಲೂ ಬಹುಕಾಲ ಉಳಿಯಲಿಲ್ಲ. ಅಂಥ ಊರಿಗೆ ಭೂಪಟದಲ್ಲಿ ಯಾವ ಬಣ್ಣ ಹಚ್ಚುವುದು?

1689ರಿಂದ 1721ರವರೆಗೆ ಆಳಿದ ಭರಮಣ್ಣನಾಯಕನ ಕಾಲದಲ್ಲಿ ದುರ್ಗದ ಬಲೆ ಬಿಗಿಯಾಯಿತು. ಅದಕ್ಕೆ ಮೊದಲಿನ ಕೆಲವು ವರ್ಷಗಳು ದಳವಾಯಿ ಮುದ್ದಣ್ಣನ ಕೈವಾಡದ, ಅರಸರನ್ನು ಕೂರಿಸಿ ಇಳಿಸಿದ ಗೊಂದಲದ ವರ್ಷಗಳು. ಭರಮಣ್ಣ ಹರಪನಹಳ್ಳಿ, ಬಿದನೂರುಗಳೊಂದಿಗೆ ಕಾದಾಡಿದ. ಶಿರಾದಲ್ಲಿ ನೆಲೆಯೂರಿದ್ದ ಮೊಗಲ್ ಅಧಿಕಾರದೊಂದಿಗೂ ಏಗಬೇಕಾಯಿತು. ಆದರೆ ಅವನ ಹೆಸರು ಉಳಿದದ್ದು ಗೆಲುವುಗಳಿಂದಲ್ಲ, ದೇವಾಲಯಗಳಿಂದ, ಕೆರೆಗಳಿಂದ. ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೋಗುವ ಹೆದ್ದಾರಿಯಲ್ಲಿ ಆನಗೋಡು ದಾಟಿದ ಮೇಲೆ ಸಿಗುವ ಭರಮಸಾಗರ ಅವನ ಹೆಸರಿನ ಊರು, ಅವನ ಹೆಸರಿನ ಕೆರೆ. ಮಳೆ ಕಡಿಮೆ ಬೀಳುವ ಈ ಬಯಲುಸೀಮೆಯಲ್ಲಿ ಕೆರೆ ಕಟ್ಟುವುದು ಬರಿಯ ಪುಣ್ಯದ ಕೆಲಸವಾಗಿರಲಿಲ್ಲ. ಕೆರೆ ಇದ್ದಲ್ಲಿ ಗದ್ದೆ, ಗದ್ದೆ ಇದ್ದಲ್ಲಿ ಕಂದಾಯ, ಕಂದಾಯ ಇದ್ದಲ್ಲಿ ಪಡೆ. ಅರಸ ತನ್ನ ಸೀಮೆಯನ್ನು ಹಿಡಿದಿಟ್ಟುಕೊಳ್ಳುತ್ತಿದ್ದ ಬಗೆಗಳಲ್ಲಿ ಕೋಟೆಯಷ್ಟೇ ಕೆರೆಯೂ ಒಂದು.

ಮಾಯಕೊಂಡದ ಬಯಲು

ಭರಮಣ್ಣನ ನಂತರ ಬಂದ ಹಿರೇ ಮದಕರಿನಾಯಕ 1721ರಿಂದ ಕಾಲು ಶತಮಾನಕ್ಕೂ ಮೀರಿ ಆಳಿದ. ಅವನ ಕಾಲದಲ್ಲಿ ದುರ್ಗದ ಬೆಳವಣಿಗೆ ನೆರೆಯವರೆಲ್ಲರಿಗೂ ಭಯ ಹುಟ್ಟಿಸುವಷ್ಟಾಗಿತ್ತು. ಅದರ ಫಲ ಮಾಯಕೊಂಡದ ಯುದ್ಧ. ಕೆಲವು ಪುಸ್ತಕಗಳು ಇದನ್ನು 1747 ಎನ್ನುತ್ತವೆ, ಕೆಲವು 1748 ಎನ್ನುತ್ತವೆ. ತರಗತಿಯಲ್ಲಿ ‘1748ರ ಸುಮಾರಿಗೆ’ ಎಂದರೆ ಸಾಕು.

ಒಂದು ಕಡೆ ಬಿದನೂರು, ಹರಪನಹಳ್ಳಿ, ರಾಯದುರ್ಗ ಮತ್ತು ಸವಣೂರು. ಇನ್ನೊಂದು ಕಡೆ ಚಿತ್ರದುರ್ಗ. ದುರ್ಗದ ಪರವಾಗಿ ನಿಂತಿದ್ದ ಹೊರಗಿನವನೊಬ್ಬನ ಹೆಸರು ನಮ್ಮ ಪಠ್ಯಪುಸ್ತಕದ ಇನ್ನೊಂದು ಪಾಠದಲ್ಲಿ ಬರುತ್ತದೆ: ಚಂದಾಸಾಹೇಬ. ಮರಾಠರ ಸೆರೆಯಿಂದ ಬಿಡುಗಡೆಯಾಗಿ ಬಂದು ಆರ್ಕಾಟಿನ ನವಾಬನಾಗಲು ಹವಣಿಸುತ್ತಿದ್ದ ಅವನು, ದಾರಿಯಲ್ಲಿ ದುರ್ಗದೊಂದಿಗೆ ಕೈಜೋಡಿಸಿದ್ದ. ಮಾಯಕೊಂಡದಲ್ಲಿ ಹಿರೇ ಮದಕರಿನಾಯಕ ಹರಪನಹಳ್ಳಿಯ ಸೋಮಶೇಖರನಾಯಕನ ಕೈಯಲ್ಲಿ ಹತನಾದ. ಚಂದಾಸಾಹೇಬನ ಮಗ ಅದೇ ಯುದ್ಧದಲ್ಲಿ ಸತ್ತ, ಚಂದಾಸಾಹೇಬ ಸೆರೆಸಿಕ್ಕ. ಬಿಡಿಸಿಕೊಂಡು ಹೋದವನು 1749ರಲ್ಲಿ ಫ್ರೆಂಚರ ನೆರವಿನಿಂದ ಅಂಬೂರಿನಲ್ಲಿ ಗೆದ್ದು ಎರಡನೆಯ ಕರ್ನಾಟಿಕ್ ಯುದ್ಧದ ಮುಖ್ಯ ಪಾತ್ರಧಾರಿಯಾದ. ಡೂಪ್ಲೆ, ಕ್ಲೈವ್‌ರ ಪಾಠವನ್ನು ಕಲಿಸುವ ಮುಂಚೆ ಮಾಯಕೊಂಡವನ್ನು ಒಮ್ಮೆ ಹೇಳಿದರೆ, ಆ ದೂರದ ಕಥೆಯ ಒಂದು ಎಳೆ ನಮ್ಮ ರೈಲು ನಿಲ್ದಾಣವೊಂದರ ಪಕ್ಕದಲ್ಲೇ ಹಾದುಹೋಗಿದೆಯೆಂದು ಮಕ್ಕಳಿಗೆ ತಿಳಿಯುತ್ತದೆ.

ಈ ಯುದ್ಧದ ಇನ್ನೊಂದು ಪಾಠವನ್ನು ಪ್ರಶಿಕ್ಷಣಾರ್ಥಿಗಳು ತಪ್ಪದೆ ಗುರುತಿಸಬೇಕು. ಸವಣೂರಿನ ನವಾಬ ಬಿದನೂರಿನ ಲಿಂಗಾಯತ ದೊರೆ ಮತ್ತು ಹರಪನಹಳ್ಳಿಯ ನಾಯಕನ ಜೊತೆಗಿದ್ದ. ಚಂದಾಸಾಹೇಬ ದುರ್ಗದ ನಾಯಕನ ಜೊತೆಗಿದ್ದ. ಇಬ್ಬರು ನಾಯಕರು ಎದುರಾಳಿಗಳಾಗಿದ್ದರು. ಧರ್ಮದಿಂದಾಗಲಿ ಜಾತಿಯಿಂದಾಗಲಿ ಈ ಪಕ್ಷಗಳನ್ನು ವಿವರಿಸಲು ಸಾಧ್ಯವಿಲ್ಲ; ನೆಲ, ಕಂದಾಯ, ನೆರೆಯವನ ಭಯ ಇವುಗಳಿಂದ ಮಾತ್ರ ಸಾಧ್ಯ.

ಕೊನೆಯ ಮದಕರಿ ಮತ್ತು 1779

ಇಬ್ಬರು ಮದಕರಿಗಳನ್ನು ಒಬ್ಬನೆಂದು ತಿಳಿಯುವುದು ಉತ್ತರಪತ್ರಿಕೆಗಳಲ್ಲಿ ಸಾಮಾನ್ಯ ತಪ್ಪು. ಮಾಯಕೊಂಡದಲ್ಲಿ ಮಡಿದವನು ಹಿರೇ ಮದಕರಿ. ಹೈದರಾಲಿಯೊಂದಿಗೆ ಹೋರಾಡಿದವನು ಕೊನೆಯ ಮದಕರಿ. ನಡುವೆ ಎರಡನೆಯ ಕಸ್ತೂರಿ ರಂಗಪ್ಪನಾಯಕ ಆಳಿ, ಮಕ್ಕಳಿಲ್ಲದೆ ತೀರಿಕೊಂಡ. ಆಗ ಜಾನಕಲ್ಲಿನ ಶಾಖೆಯಿಂದ ಕೊನೆಯ ಮದಕರಿಯನ್ನು ತಂದು ಪಟ್ಟಕ್ಕೆ ಕೂರಿಸಲಾಯಿತು. ರೈಸ್ ಇದನ್ನು 1754 ಎನ್ನುತ್ತಾರೆ.

1760ರ ದಶಕದಿಂದ ಮೇಲಿನ ಅಧಿಕಾರವೇ ಎರಡಾಯಿತು: ಉತ್ತರದಲ್ಲಿ ಮರಾಠರು, ದಕ್ಷಿಣದಲ್ಲಿ ಹೈದರಾಲಿ. 1762ರಲ್ಲಿ ಹೈದರ್ ಮುತ್ತಿಗೆ ಹಾಕಿ ದೊಡ್ಡ ಮೊತ್ತದ ಕಾಣಿಕೆ ಪಡೆದ. 1763ರಲ್ಲಿ ಅವನು ಬಿದನೂರನ್ನು ಗೆದ್ದಾಗ ದುರ್ಗದ ಹಳೆಯ ಎದುರಾಳಿ ಅಳಿದುಹೋಯಿತು. ಆದರೆ ಅದರ ಜಾಗದಲ್ಲಿ ಅದಕ್ಕಿಂತ ಬಲವಾದ ನೆರೆ ಬಂದು ಕೂತಿತು. ಮುಂದಿನ ವರ್ಷಗಳಲ್ಲಿ ಮದಕರಿ ಕೆಲವೊಮ್ಮೆ ಹೈದರನ ಪಡೆಯೊಂದಿಗೆ, ಕೆಲವೊಮ್ಮೆ ಮರಾಠರ ಕಡೆಗೆ ವಾಲುತ್ತಾ ನಡುವಿನ ದಾರಿ ಹುಡುಕಿದ. ಪಾಳೆಯಗಾರನಿಗೆ ಗೊತ್ತಿದ್ದ ಹಳೆಯ ಜಾಣ್ಮೆ ಅದೇ. 1777ರ ಮುತ್ತಿಗೆಯ ವೇಳೆ ಮರಾಠ ಸೈನ್ಯ ಬರುತ್ತಿದೆಯೆಂಬ ಸುದ್ದಿಯಿಂದ ಹೈದರ್ ಹಿಂದೆಗೆದ. ಮರಾಠರ ಕಾಟ ತೀರಿದ ಮೇಲೆ ಮತ್ತೆ ಬಂದ. 1779ರಲ್ಲಿ ದುರ್ಗ ಬಿತ್ತು. ಮದಕರಿಯನ್ನೂ ಕುಟುಂಬವನ್ನೂ ಶ್ರೀರಂಗಪಟ್ಟಣಕ್ಕೆ ಸೆರೆಯಾಗಿ ಒಯ್ದರು. ಸೀಮೆಯ 20,000 ಬೇಡರನ್ನು ಶ್ರೀರಂಗಪಟ್ಟಣದ ದ್ವೀಪಕ್ಕೆ ಸಾಗಿಸಿ, ಅವರಲ್ಲಿನ ಹುಡುಗರಿಂದ ಚೇಲಾ ಪಡೆಗಳನ್ನು ಕಟ್ಟಲಾಯಿತೆಂದು ಗೆಜೆಟಿಯರ್ ದಾಖಲಿಸಿದೆ. ಕೋಟೆ ಬಿದ್ದದ್ದು ಮಾತ್ರ ವಂಶದ ಅಂತ್ಯವಲ್ಲ. ಕೋಟೆಯನ್ನು ಕಾಯ್ದ ಜನರನ್ನು ನೆಲದಿಂದ ಕಿತ್ತದ್ದು ನಿಜವಾದ ಅಂತ್ಯ.

ಇದೇ ಕಾಲದ ಇನ್ನೊಂದು ಬೆಳವಣಿಗೆ ನಮ್ಮ ಊರಿಗೆ ಸಂಬಂಧಿಸಿದ್ದು. ದಾವಣಗೆರೆ ಅಲ್ಲಿಯವರೆಗೆ ಬೇತೂರಿನ ಪಕ್ಕದ ಒಂದು ಚಿಕ್ಕ ಹಳ್ಳಿ. ಹೈದರಾಲಿ ಅದನ್ನು ಆಪೋಜಿರಾಮನೆಂಬ ಮರಾಠ ಸರದಾರನಿಗೆ ಜಹಗೀರಾಗಿ ಕೊಟ್ಟ. ಅವನು ವ್ಯಾಪಾರಿಗಳನ್ನು ಕರೆತಂದು ನೆಲೆಗೊಳಿಸಿದ. ಕೋಟೆಯ ಊರು ಇಳಿದ ಕಾಲದಲ್ಲೇ ಪೇಟೆಯ ಊರು ಏಳತೊಡಗಿತು.

ಜರ್ಮನಿಯ ಪಾಠಕ್ಕೆ ಒಂದು ಸೇತುವೆ

ಪ್ರೌಢಶಾಲೆಯಲ್ಲಿ ಜರ್ಮನಿಯ ಏಕೀಕರಣವನ್ನು ಕಲಿಸುವಾಗ ‘ಹಲವು ಚಿಕ್ಕ ರಾಜ್ಯಗಳಿದ್ದವು’ ಎಂಬ ಒಂದು ಸಾಲನ್ನು ಹೇಳಿ ಬಿಸ್ಮಾರ್ಕ್‌ನತ್ತ ಹಾರುವುದು ರೂಢಿ. ದುರ್ಗದ ಪಾಠ ಮುಗಿಸಿದ ತರಗತಿಗೆ ಆ ಚಿಕ್ಕ ರಾಜ್ಯಗಳನ್ನು ವಿವರಿಸುವುದು ಸುಲಭ. ಜರ್ಮನಿಯ ಅರಸು ಮನೆತನಗಳು ಪವಿತ್ರ ರೋಮನ್ ಚಕ್ರವರ್ತಿಯ ಕೆಳಗೆ ಇದ್ದವು. ಅವನಿಗೆ ನಿಷ್ಠೆ ತೋರುತ್ತಾ ತಮ್ಮ ಸೀಮೆಯಲ್ಲಿ ತಾವೇ ಅರಸರಂತೆ ಇದ್ದವು. ಹಲವು ಮನೆತನಗಳ ಹೆಸರು ಒಂದು ಕೋಟೆಯ ಹೆಸರು. ಹೋಹೆನ್‌ಝೊಲೆರ್ನ್ ಮನೆತನಕ್ಕೆ 1415ರಲ್ಲಿ ಬ್ರಾಂಡೆನ್‌ಬರ್ಗ್ ಸೀಮೆ ದೊರೆಯಿತು. ಅಲ್ಲಿಂದ ಬೆಳೆದು 1701ರಲ್ಲಿ ಪ್ರಷ್ಯದ ರಾಜರಾಗಿ, 1871ರಲ್ಲಿ ಜರ್ಮನಿಯ ಚಕ್ರವರ್ತಿಗಳಾದರು. ಅದೇ 1415ರಲ್ಲಿ ಹ್ಯಾಬ್ಸ್‌ಬರ್ಗ್ ಮನೆತನ ತನ್ನ ಹೆಸರಿನ ಮೂಲ ಕೋಟೆಯನ್ನೇ ಸ್ವಿಸ್ಸರಿಗೆ ಕಳೆದುಕೊಂಡಿತು. ಆದರೂ ಆ ಹೆಸರಿನಲ್ಲೇ ಶತಮಾನಗಳ ಕಾಲ ವಿಯೆನ್ನಾದಿಂದ ಆಳಿತು. ವಂಶ ಮತ್ತು ನೆಲ ಒಂದಕ್ಕೊಂದು ಅಂಟಿಕೊಂಡೇ ಇರುವುದಿಲ್ಲ ಎಂಬುದಕ್ಕೆ ಬಸವಾಪಟ್ಟಣದಿಂದ ತರೀಕೆರೆಗೆ ಸರಿದ ಮನೆತನದ ಪಕ್ಕದಲ್ಲಿ ಇದನ್ನು ಇಡಬಹುದು.

ಹೋಲಿಕೆಯನ್ನು ಎಳೆದಷ್ಟೂ ವ್ಯತ್ಯಾಸವನ್ನೂ ಹೇಳಬೇಕು. ನೆಪೋಲಿಯನ್‌ನ ಕಾಲದಲ್ಲಿ, 1803ರಿಂದ 1806ರ ನಡುವೆ, ಜರ್ಮನಿಯ ಬಹಳಷ್ಟು ಚಿಕ್ಕ ಮನೆತನಗಳು ಆಳುವ ಅಧಿಕಾರ ಕಳೆದುಕೊಂಡವು. ಆದರೆ ಅವುಗಳಲ್ಲಿ ಹೆಚ್ಚಿನವು ತಮ್ಮ ಬಿರುದು, ಅರಮನೆ, ಜಮೀನುಗಳನ್ನು ಉಳಿಸಿಕೊಂಡವು. ಅವುಗಳ ಕಾಗದಪತ್ರಗಳೂ ಉಳಿದವು. ದುರ್ಗದವರಿಗೆ 1779ರಲ್ಲಿ ಹಾಗಾಗಲಿಲ್ಲ. ಅರಮನೆಯ ದಾಖಲೆ ಕೈಗೆ ಸಿಗದಲ್ಲಿ ಶಾಸನ, ಬಖೈರು, ಲಾವಣಿ, ಜನರ ನೆನಪುಗಳಿಂದ ಚರಿತ್ರೆಯನ್ನು ಕಟ್ಟಬೇಕಾಗುತ್ತದೆ. ನಮ್ಮ ಬೋಧನಾ ಕ್ರಮದ ಪ್ರಶ್ನೆ ಹುಟ್ಟುವುದು ಇಲ್ಲಿಂದಲೇ.

ತರಗತಿಯಲ್ಲಿ: ಎರಡು ಅವಧಿಗಳ ಹೊಂದಾಣಿಕೆ

ಮೊದಲ ಅವಧಿ ನೆಲಕ್ಕೆ ಮೀಸಲಾಗಲಿ. ಮಕ್ಕಳಿಗೆ ಗೊತ್ತಿರುವ ಬದಲಾವಣೆಯಿಂದ ಪೀಠಿಕೆ ಹಾಕಬಹುದು. ಹರಪನಹಳ್ಳಿ ತಾಲ್ಲೂಕು 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಬಂತು, 2018ರಲ್ಲಿ ಮತ್ತೆ ಬಳ್ಳಾರಿಗೆ ಹೋಯಿತು, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ ಸೇರಿತು. ನಮ್ಮ ಬಡಾವಣೆಗೆ ಹೆಸರಾದ ಎಸ್. ನಿಜಲಿಂಗಪ್ಪನವರು 1902ರಲ್ಲಿ ಹುಟ್ಟಿದ ಹಲುವಾಗಿಲು ಅದೇ ತಾಲ್ಲೂಕಿನ ಊರು. ಹಳ್ಳಿ ಇದ್ದಲ್ಲೇ ಇದೆ, ಜಿಲ್ಲೆ ಮಾತ್ರ ಮೂರು ಸಲ ಬದಲಾಗಿದೆ. ‘ಹಾಗಾದರೆ ಮುನ್ನೂರು ವರ್ಷಗಳ ಹಿಂದೆ ಮಾಯಕೊಂಡದ ರೈತ ಯಾರ ರಾಜ್ಯದವನು?’ ಎಂಬ ಪ್ರಶ್ನೆಗೆ ಇಲ್ಲಿಂದ ಸಹಜವಾಗಿ ಸಾಗಬಹುದು. ನಂತರ ಗುಂಪುಗಳಿಗೆ ನೀರ್ಥಡಿ, ಹರಿಹರ, ಮಾಯಕೊಂಡ, ಸಂತೇಬೆನ್ನೂರು, ಭರಮಸಾಗರ ಎಂಬ ಐದು ಚೀಟಿಗಳನ್ನು ಹಂಚಿ, ಆಯಾ ಊರು ಯಾವಾಗ ಯಾರ ಕೈಯಲ್ಲಿತ್ತು, ಆ ಊರಿನಿಂದ ಅರಸನಿಗೆ ಏನು ಬೇಕಿತ್ತು ಎಂದು ಪಟ್ಟಿ ಮಾಡಿಸಬೇಕು. ಭೂಪಟದಲ್ಲಿ ಬಣ್ಣ ತುಂಬುವ ಬದಲು ಊರುಗಳನ್ನು ಚುಕ್ಕೆಗಳಾಗಿ ಗುರುತಿಸಿ, ಕೋಟೆಯಿಂದ ಅವಕ್ಕೆ ಗೆರೆ ಎಳೆಸಲಿ. ಗಟ್ಟಿ ಸಂಬಂಧಕ್ಕೆ ಗಟ್ಟಿ ಗೆರೆ, ಬಂದುಹೋದ ಸಂಬಂಧಕ್ಕೆ ಚುಕ್ಕಿ ಗೆರೆ.

ಎರಡನೆಯ ಅವಧಿ ಆಧಾರಗಳಿಗೆ. ಕಪ್ಪುಹಲಗೆಯಲ್ಲಿ ಮೂರು ಅಂಕಣ ಹಾಕಿ: ಕಾಲದ ದಾಖಲೆ, ನಂತರ ಬರೆದದ್ದು, ಜನರ ನೆನಪು. ಎಪಿಗ್ರಾಫಿಯಾ ಕರ್ನಾಟಿಕಾದ 11ನೆಯ ಸಂಪುಟದಲ್ಲಿ ಬರುವ ಶಾಸನಗಳು ಮೊದಲನೆಯದಕ್ಕೆ. ಹರಿಹರದ ಶಾಸನಗಳು ಅಲ್ಲಿ ದಾವಣಗೆರೆ ತಾಲ್ಲೂಕಿನ ಅಡಿಯಲ್ಲಿವೆ. ವಿಲ್ಕ್ಸ್ ಮತ್ತು ರೈಸ್ ಎರಡನೆಯದಕ್ಕೆ. ತಿಮ್ಮಣ್ಣನ ಗೂಟ, ಚಿಕ್ಕಣ್ಣನ ದೀಪದ ಟಗರು, ಓಬವ್ವನ ಒನಕೆ ಮೂರನೆಯದಕ್ಕೆ. ತ.ರಾ.ಸು. ಅವರ ‘ದುರ್ಗಾಸ್ತಮಾನ’ ಕಾದಂಬರಿ ಮತ್ತು 1972ರ ‘ನಾಗರಹಾವು’ ಚಿತ್ರ ಆ ನೆನಪನ್ನು ಮನೆಮನೆಗೆ ತಲುಪಿಸಿದವು. ಅವು ಕಲಾಕೃತಿಗಳು, ಅವುಗಳಿಂದ ತೇದಿ, ಸಂಖ್ಯೆಗಳನ್ನು ಎತ್ತಬಾರದು. ಮೂರನೆಯ ಅಂಕಣ ಕೀಳು ಎಂಬ ಭಾವ ಮಕ್ಕಳಲ್ಲಿ ಬರದಂತೆಯೂ ನೋಡಿಕೊಳ್ಳಬೇಕು. ಕಾವಲುಗಾರನ ಹೆಂಡತಿಯೊಬ್ಬಳು ಅರಸರ ಪಟ್ಟಿಯನ್ನು ಮೀರಿ ಜನರ ಮನಸ್ಸಿನಲ್ಲಿ ನಿಂತದ್ದೂ ಒಂದು ಚಾರಿತ್ರಿಕ ಸಂಗತಿಯೇ.

ಈ ಪಾಠದಲ್ಲಿ ಎಚ್ಚರ ಬೇಕಾದ ಜಾಗ 1779. ಮದಕರಿಯ ಸೇವೆಯಲ್ಲಿದ್ದ ಮುಸ್ಲಿಂ ಸೈನಿಕರ ದ್ರೋಹದಿಂದ ಕೋಟೆ ಬಿತ್ತೆಂಬ ಮಾತು ಹಳೆಯ ಇಂಗ್ಲಿಷ್ ಬರಹಗಳಲ್ಲಿದೆ. ಅದನ್ನು ತರಗತಿಯಲ್ಲಿ ಹಾಗೆಯೇ ಒಪ್ಪಿಸಿದರೆ, ಮೂರನೆಯ ಬೆಂಚಿನಲ್ಲಿ ಕೂತ ಮಗುವೊಂದು ತಲೆ ತಗ್ಗಿಸುತ್ತದೆ, ಪಕ್ಕದ ಮಗು ಅದರತ್ತ ತಿರುಗಿ ನೋಡುತ್ತದೆ. ಮುಚ್ಚಿಟ್ಟರೆ, ಮಕ್ಕಳು ಅದನ್ನು ಮೊಬೈಲಿನಲ್ಲಿ ಇನ್ನೂ ಒರಟಾಗಿ ಕೇಳುತ್ತಾರೆ. ಸರಿಯಾದ ದಾರಿ ಪ್ರಶ್ನೆ ಕೇಳಿಸುವುದು. ಈ ಮಾತನ್ನು ಬರೆದ ವಿಲ್ಕ್ಸ್ ಯಾರು? ಬ್ರಿಟಿಷ್ ಅಧಿಕಾರಿ. ಪುಸ್ತಕ ಯಾವಾಗ ಬಂತು? 1810ರಿಂದ 1817ರ ನಡುವೆ, ಘಟನೆಯಾದ ಮೂವತ್ತು ವರ್ಷಗಳ ಮೇಲೆ. ಹೈದರ್, ಟಿಪ್ಪುಗಳನ್ನು ಸೋಲಿಸಿದವರ ಕಡೆಯವನು ಅದನ್ನು ಹೇಗೆ ಬರೆದಿರಬಹುದು? ದುರ್ಗದ ಪಡೆಯಲ್ಲಿ ಮುಸ್ಲಿಂ ಸೈನಿಕರಿದ್ದರು ಎಂಬ ಸಂಗತಿಯೇ ಆ ಸೀಮೆಯ ಬಗ್ಗೆ ಏನು ಹೇಳುತ್ತದೆ? ಹಾಗೆಯೇ, 20,000 ಜನರ ಸಾಗಣೆಯನ್ನು ಮೆದುಗೊಳಿಸಿ ಹೇಳಬಾರದು. ಅದು ನಡೆದ ಅನ್ಯಾಯ, ಅದರ ನೋವು ಇಂದಿನ ಮಕ್ಕಳ ಮನೆಗಳಲ್ಲೂ ಇದೆ. ಒಬ್ಬ ದೊರೆ ಮಾಡಿದ್ದನ್ನು ಇಂದಿನ ಒಂದು ಸಮುದಾಯದ ಲೆಕ್ಕಕ್ಕೆ ಬರೆಯದಿರುವುದು, ಆ ನೋವನ್ನು ಇಲ್ಲವೆನ್ನದಿರುವುದು: ಈ ಎರಡನ್ನೂ ಒಟ್ಟಿಗೆ ಮಾಡುವುದು ಚರಿತ್ರೆಯ ಶಿಕ್ಷಕನ ಕೆಲಸ. ಮಾಯಕೊಂಡದ ಪಕ್ಷಗಳನ್ನು ಮೊದಲೇ ಕಲಿತ ತರಗತಿಗೆ ಇದು ಕಷ್ಟವಾಗುವುದಿಲ್ಲ. ಆದ್ದರಿಂದಲೇ ಆ ಭಾಗವನ್ನು ಪಾಠಯೋಜನೆಯಿಂದ ಕೈಬಿಡಬಾರದು.

ಮೌಲ್ಯಮಾಪನಕ್ಕೆ ‘ಚಿತ್ರದುರ್ಗದ ಪಾಳೆಯಗಾರರ ಸ್ಥಾಪಕ ಯಾರು?’ ಎಂಬ ಒಂದಂಕದ ಪ್ರಶ್ನೆಯ ಜೊತೆಗೆ ಈ ಮೂರನ್ನು ಸೇರಿಸಿ ನೋಡಿ. ಒಂದು, ಅರಸನಿಗೆ ಕೆರೆ ಏಕೆ ಬೇಕಿತ್ತು? ಎರಡು, ಹರಿಹರ ಇಷ್ಟು ಸಲ ಕೈ ಬದಲಿಸಲು ಕಾರಣವೇನು? ಮೂರು, ಓಬವ್ವನ ಕಥೆಯನ್ನು ಯಾವ ಅಂಕಣದಲ್ಲಿ ಬರೆಯುವಿರಿ, ಏಕೆ? ಮೂರನೆಯ ಪ್ರಶ್ನೆಗೆ ಬರುವ ಉತ್ತರಗಳಲ್ಲಿ ‘ಏಕೆ’ ಎಂಬ ಭಾಗವನ್ನು ಓದಿದರೆ ಪಾಠ ಎಷ್ಟು ಮುಟ್ಟಿದೆಯೆಂದು ತಿಳಿಯುತ್ತದೆ.